ಬೆರಳು ಮಡಿಸಲು ಬಂದವರು

ನಮ್ಮ ಲ್ಯಾಬಿನ ಬಗ್ಗೆ ಯಾರಾದರೂ ಕೇಳಿದರೆ ನಾನು ಕೋಳಿಮೊಟ್ಟೆಯಿಂದಲೇ ಶುರು ಮಾಡುತ್ತೇನೆ. ಕೇಳಿದವರು ನಗುತ್ತಾರೆ, ನಗಲಿ. ಮಾಂಸಖಂಡವನ್ನು ಮೂಳೆಗೆ ಬಿಗಿದು ಹಿಡಿಯುವ ಬಿಳಿ ಹುರಿಯೊಂದಿದೆಯಲ್ಲ, ಪುಸ್ತಕದಲ್ಲಿ ಅದಕ್ಕೆ ಸ್ನಾಯುರಜ್ಜು ಅನ್ನುತ್ತಾರೆ, ನಮ್ಮ ಕಡೆ ಸುಮ್ಮನೆ ನರ ಅನ್ನುತ್ತಾರೆ. ಆ ನರ ಹುಟ್ಟುವಾಗ ಹೇಗೆ ಬೆಳೆಯುತ್ತದೆ, ಕಡಿದುಹೋದರೆ ಮತ್ತೆ ಹೇಗೆ ಕೂಡುತ್ತದೆ ಎಂದು ನೋಡುವುದು ನಮ್ಮ ಕೆಲಸ. ಅದನ್ನು ಮೊಟ್ಟೆಯೊಳಗಿನ ಮರಿಯ ಕಾಲಿನಲ್ಲಿ ನೋಡುತ್ತಿದ್ದೆವು. ಚಿಕ್ಕಬಳ್ಳಾಪುರದ ಹೊರಗೆ ಒಂದು ಕಾಲೇಜಿನ ಹಿಂದುಗಡೆ ಮಹಡಿಯಲ್ಲಿ ಎರಡು ಕೋಣೆ, ಒಂದು ಕಾವಿನ ಪೆಟ್ಟಿಗೆ, ಒಂದು ಒಳ್ಳೆಯ ಮೈಕ್ರೋಸ್ಕೋಪು, ಇಷ್ಟೇ ಆಸ್ತಿ. ಊರು ಇನ್ನೂ ಜಿಲ್ಲೆಯಾಗಿರಲಿಲ್ಲ. ಆಗುತ್ತಂತೆ, ಇನ್ನೇನು ಆಗೇಬಿಡುತ್ತಂತೆ ಎಂದು ಬಸ್ಸಿನಲ್ಲಿ ಜನ ಮಾತಾಡಿಕೊಳ್ಳುತ್ತಿದ್ದ ಕಾಲ.

ಸರ್ ಗೌರಿಬಿದನೂರಿನವರು. ದಿನಾ ಅಲ್ಲಿಂದ ಬಸ್ಸಿನಲ್ಲಿ ಬರುತ್ತಿದ್ದರು, ಬಸ್ಸಿಳಿಯುವಷ್ಟರಲ್ಲೇ ಅರ್ಧ ಸಿಟ್ಟು ಬಂದಾಗಿರುತ್ತಿತ್ತು. ಸೀಟು ಸಿಗಲಿಲ್ಲ ಅಂತ ಒಂದು ದಿನ, ಸಿಕ್ಕ ಸೀಟಿನ ಪಕ್ಕದವನು ದಾರಿಯುದ್ದಕ್ಕೂ ರಾಜಕೀಯ ಕೊರೆದ ಅಂತ ಇನ್ನೊಂದು ದಿನ. ಯಾರನ್ನೂ ಹೊಗಳಿದ್ದು ನಾನು ಕಾಣೆ. ಆದರೆ ನಮ್ಮಲ್ಲಿ ಯಾರಿಗಾದರೂ ಜ್ವರ ಬಂದರೆ ಬೈಯುತ್ತಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಬೈಯುತ್ತಲೇ ಎಳನೀರು ಕೊಡಿಸಿ, ಬಸ್ಸು ಹತ್ತಿಸಿ ಬರುವವರು.

ಮೊಟ್ಟೆ ತರುವುದು, ಕಾವಿನ ಪೆಟ್ಟಿಗೆ ನೋಡಿಕೊಳ್ಳುವುದು ಅಕ್ಕನ ಕೆಲಸ. ಅವರು ಲ್ಯಾಬಿನ ಟೆಕ್ನೀಷಿಯನ್, ಅಂಬಾಜಿದುರ್ಗದ ಹತ್ತಿರದ ಹಳ್ಳಿಯವರು. ಚಿಂತಾಮಣಿ ಕಡೆಯ ಕೋಳಿ ಫಾರಂನಿಂದ ಮರಿಯಾಗುವ ಮೊಟ್ಟೆ ತಂದು, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಡ್ರೈವರು ಹಳ್ಳಕ್ಕೆ ಇಳಿಸಿದರೆ ಹಿಂದಿನ ಸೀಟಿನಿಂದಲೇ ತೆಲುಗಿನಲ್ಲಿ ಮಂಗಳಾರತಿ. ಆ ದಾರಿಯ ಡ್ರೈವರುಗಳೆಲ್ಲ ಅವರ ಬುಟ್ಟಿ ಕಂಡರೆ ನಿಧಾನ ಆಗುತ್ತಿದ್ದರು. ಇನ್ನೊಬ್ಬರು ಭಾಯ್, ಮುರುಗಮಲ್ಲದವರು, ಪಿಎಚ್‌ಡಿ ಮಾಡುತ್ತಿದ್ದರು. ಮಾತು ಕಡಿಮೆ. ಮೊಟ್ಟೆಯ ಚಿಪ್ಪಿನಲ್ಲಿ ಬೆರಳುಗುರಿನಷ್ಟು ಕಿಟಕಿ ಕೊರೆದು, ಒಳಗಿನ ಪೊರೆಗೆ ಒಂದಿಷ್ಟೂ ತಾಗಿಸದೆ ಕೆಲಸ ಮುಗಿಸುವ ಕೈ ಅವರದು. ನಾಲ್ಕನೆಯವಳು ನಾನು, ಶಿಡ್ಲಘಟ್ಟದವಳು, ಬಾಯಿ ಸ್ವಲ್ಪ ಜೋರು. ಸರ್ ಒಂದು ಅಂದರೆ ನಾನು ಎರಡು ಅನ್ನುತ್ತಿದ್ದೆ. ಬೇರೆ ಕಡೆ ಆಗಿದ್ದರೆ ವಾರದಲ್ಲೇ ಮನೆಗೆ ಕಳಿಸುತ್ತಿದ್ದರು.

ಆ ವರ್ಷಗಳಲ್ಲಿ ನಾವು ಹಿಡಿದು ಕೂತಿದ್ದ ಪ್ರಶ್ನೆ ಒಂದೇ. ಮೊಟ್ಟೆಯೊಳಗೆ ಮರಿ ಸುಮ್ಮನಿರುವುದಿಲ್ಲ. ಕಾಲು ಒದೆಯುತ್ತದೆ, ಕತ್ತು ತಿರುಗಿಸುತ್ತದೆ. ಒಂದು ಔಷಧಿಯ ಹನಿ ಹಾಕಿ ಅದನ್ನು ಅಲ್ಲಾಡದಂತೆ ಮಾಡಿದರೆ ಏನಾಗುತ್ತದೆ? ಮರಿ ಬದುಕಿರುತ್ತದೆ, ಬೆಳೆಯುತ್ತದೆ, ಕಾಲಿನ ನರ ಮಾತ್ರ ಸೊರಗುತ್ತದೆ. ಅಲ್ಲಾಟವೇ ನರಕ್ಕೆ ಅನ್ನ ಎಂದು ಸರ್ ಹೇಳುತ್ತಿದ್ದರು. ನಾನು ಅದನ್ನು ಎಷ್ಟು ಸಲ ಬರೆದಿದ್ದೇನೋ, ಎಷ್ಟು ಸಲ ಟೈಪು ಮಾಡಿದ್ದೇನೋ. ನನಗೆ ಅದು ಕೋಳಿಮರಿಯ ವಿಷಯವಾಗಿತ್ತು, ಅಷ್ಟೇ.

ನಮ್ಮದು ರೇಷ್ಮೆ ನೂಲು ಬಿಚ್ಚುವ ಮನೆ. ಮನೆಗೆ ಅಂಟಿಕೊಂಡೇ ಶೆಡ್ಡು, ಅದರಲ್ಲಿ ಒಲೆ, ಬಿಸಿನೀರಿನ ಬೇಸಿನ್, ಮೇಲೆ ತಿರುಗುವ ರಾಟೆ. ಬೆಂದ ಗೂಡುಗಳು ಬಿಸಿನೀರಿನಲ್ಲಿ ತೇಲುತ್ತಿರುತ್ತವೆ, ಒಂದೊಂದು ಗೂಡಿನಿಂದಲೂ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಎದ್ದು, ನಾಲ್ಕಾರು ಎಳೆ ಸೇರಿ ಒಂದು ನೂಲಾಗಿ ರಾಟೆಗೆ ಸುತ್ತಿಕೊಳ್ಳುತ್ತದೆ. ಒಂದು ಗೂಡು ಮುಗಿದರೆ ಅಥವಾ ಎಳೆ ಕಡಿದರೆ ಹೊಸ ಎಳೆಯನ್ನು ಬೆರಳತುದಿಯಲ್ಲಿ ಹಿಡಿದು ಓಡುತ್ತಿರುವ ನೂಲಿನ ಮೇಲೆ ಎಸೆಯಬೇಕು, ಅದು ತಾನಾಗಿ ಹತ್ತಿಕೊಳ್ಳಬೇಕು. ಅಪ್ಪ ಅದನ್ನು ಬಲಗೈ ತೋರುಬೆರಳಿನಲ್ಲಿ ಮಾಡುತ್ತಿದ್ದ. ಬೇಸಿನ್ ಕಡೆ ನೋಡದೆ, ನನ್ನ ಜೊತೆ ಮಾತಾಡುತ್ತಾ, ರೇಡಿಯೋಗೆ ಕಿವಿ ಕೊಟ್ಟುಕೊಂಡು ಮಾಡುತ್ತಿದ್ದ. ಆ ಬೆರಳಿನ ಮೇಲೆ ನಮ್ಮ ಮನೆ ನಡೆಯುತ್ತಿತ್ತು ಅಂದರೆ ಹೆಚ್ಚು ಹೇಳಿದ ಹಾಗಲ್ಲ. ನನ್ನ ಓದೂ ಅದರಿಂದಲೇ ಆದದ್ದು.

ಒಂದು ದಿನ ಗಾಳಿ ಜೋರಾಗಿ ಒಲೆಯ ಮೇಲಿನ ಚಾವಣಿಯ ತಗಡು ಜಾರಿತು. ಬೀಳುವ ತಗಡನ್ನು ಯಾರಾದರೂ ಬರಿಗೈಯಲ್ಲಿ ಹಿಡಿಯುತ್ತಾರಾ? ಅಪ್ಪ ಹಿಡಿದ. ಕೆಳಗೆ ಆಗಷ್ಟೇ ಮಾರ್ಕೆಟ್ಟಿನಿಂದ ತಂದ ಗೂಡು ಇದ್ದವು, ಅವು ಜಜ್ಜಿಹೋಗುತ್ತವಲ್ಲ ಅಂತ. ಗೂಡು ಉಳಿದವು. ಬಲಗೈಯ ತೋರುಬೆರಳು ಮತ್ತು ನಡುಬೆರಳಿನ ಒಳಗಡೆ ನರ ಎರಡೂ ಕಡಿದುಹೋದವು.

ಪಕ್ಕದ ಮನೆಯ ಫೋನಿನಿಂದ ಲ್ಯಾಬಿಗೆ ಸುದ್ದಿ ಬಂತು. ನಾನು ಬ್ಯಾಗು ಹುಡುಕುತ್ತಿದ್ದೆ, ಅದು ಹೆಗಲ ಮೇಲೇ ಇತ್ತು. ಸರ್ ಫೋನು ಕಸಿದುಕೊಂಡು, ಬೆರಳು ನೆಟ್ಟಗೆ ನಿಂತಿದೆಯಾ, ತಾನಾಗಿ ಮಡಿಸೋಕೆ ಆಗುತ್ತಾ ಎಂದು ಕೇಳಿದರು. ಆಗಲ್ಲ ಎಂದಮೇಲೆ ಅವರಿಗೆ ಗೊತ್ತಿದ್ದ ಬೆಂಗಳೂರಿನ ಕೈ ಡಾಕ್ಟರಿಗೆ ಫೋನು ಹಚ್ಚಿದರು. ಒಂದು ಬಾಡಿಗೆ ಕಾರು ಮಾಡಿ ನನ್ನನ್ನು ಕೂರಿಸಿಕೊಂಡು ಶಿಡ್ಲಘಟ್ಟಕ್ಕೆ ಬಂದು, ಅಪ್ಪನನ್ನು ಹತ್ತಿಸಿಕೊಂಡು ಹೊರಟರು. ದಾರಿಯಲ್ಲಿ ಅಪ್ಪನಿಗೆ ಒಂದೇ ಚಿಂತೆ.

“ಸಾರ್, ಎಳೆ ಹಿಡಿಯಕ್ ಬತ್ತದಾ? ಅದೊಂದ್ ಹೇಳ್ಬಿಡಿ. ಮಿಕ್ಕಿದ್ದೇನಾದ್ರೂ ಆಗ್ಲಿ.”

“ಹೊಲಿಗೆ ಹಾಕೋದು ಡಾಕ್ಟ್ರು. ಆಮೇಲಿಂದು ನಿಮ್ ಕೈಲೇ ಇದೆ,” ಅಂದರು ಸರ್. ಸಮಾಧಾನ ಹೇಳುವ ವಿದ್ಯೆ ಅವರಿಗೆ ಬರುತ್ತಿರಲಿಲ್ಲ.

ಆಪರೇಷನ್ ಆಯಿತು. ಡಾಕ್ಟರು ಹೇಳಿದ್ದನ್ನು ಕೇಳಿ ನಾನು ಸರ್ ಮುಖ ನೋಡಿದೆ, ಸರ್ ನನ್ನ ಮುಖ ನೋಡಿದರು. ನಾವು ಮೊಟ್ಟೆಯಲ್ಲಿ ನೋಡುತ್ತಿದ್ದ ಪಾಠವನ್ನೇ ಆ ಡಾಕ್ಟರು ಒಪ್ಪಿಸುತ್ತಿದ್ದರು. ಹೊಲಿದ ನರವನ್ನು ಜೋರಾಗಿ ಎಳೆದರೆ ಕಿತ್ತುಹೋಗುತ್ತದೆ. ಹಾಗಂತ ಸುಮ್ಮನೆ ಬಿಟ್ಟರೆ ಸುತ್ತಲ ಮಾಂಸಕ್ಕೆ ಅಂಟಿಕೊಂಡು ಕೂತುಬಿಡುತ್ತದೆ. ಅದಕ್ಕೆ ಕೈಯ ಹಿಂದೆ ಪಟ್ಟಿ ಕಟ್ಟಿ, ರೋಗಿ ತನ್ನ ಬಲ ಹಾಕದೆ, ಇನ್ನೊಂದು ಕೈಯಿಂದ ಅಥವಾ ಇನ್ನೊಬ್ಬರ ಕೈಯಿಂದ ಬೆರಳನ್ನು ಮೆಲ್ಲಗೆ ಮಡಿಸಿ ಬಿಡಿಸಬೇಕು. ದಿನಾ, ತಪ್ಪದೆ, ವಾರಗಟ್ಟಲೆ. ಆಗ ಶಿಡ್ಲಘಟ್ಟದಲ್ಲಿ ಅದನ್ನು ಮಾಡಿಸುವವರು ಯಾರೂ ಇರಲಿಲ್ಲ.

ನಾನು ಮಾರನೆಯ ವಾರವೇ ಸರ್ ಹತ್ತಿರ ಉದ್ದನೆಯ ರಜೆ ಕೇಳಿದೆ.

“ಕೊಡಲ್ಲ,” ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಕೋಳಿಮರಿಯ ಕಾಲಿಗೆ ಇರುವ ಬೆಲೆ ನಮ್ಮಪ್ಪನ ಕೈಗಿಲ್ಲವಾ ಎಂದು ಕೇಳಿಯೇಬಿಟ್ಟೆ. ಭಾಯ್ ಮೆಲ್ಲಗೆ ಎದ್ದು ಹೊರಗೆ ಹೋದರು. ಸರ್ ಕೋಪ ಮಾಡಿಕೊಳ್ಳಲಿಲ್ಲ. ಅದೇ ನನಗೆ ಆಶ್ಚರ್ಯ.

“ನೀನು ಮಡಿಸ್ತೀಯಾ? ನಿಮ್ಮಪ್ಪ ಒಂದ್ಸಲ ಅಮ್ಮಾ ಅಂದ್ರೆ ಕೈ ಬಿಟ್ಬಿಡ್ತೀಯ ನೀನು. ನಿಮ್ಮಮ್ಮನೂ ಅಷ್ಟೇ. ಹೊರಗಿನವ್ರೇ ಮಾಡ್ಬೇಕು ಇದನ್ನ. ನಾವು ಹೋಗ್ತೀವಿ. ನೀನಿಲ್ಲಿ ನಮ್ ಕೆಲ್ಸ ಮಾಡು.”

ಹಾಗೆ ಶುರುವಾಯಿತು. ಒಂದು ದಿನ ಅಕ್ಕ, ಒಂದು ದಿನ ಭಾಯ್, ನಡುನಡುವೆ ಸರ್. ಮಧ್ಯಾಹ್ನದ ಬಸ್ಸಿಗೆ ಚಿಕ್ಕಬಳ್ಳಾಪುರದಿಂದ ಹೊರಟು ಶಿಡ್ಲಘಟ್ಟಕ್ಕೆ ಬಂದು, ಅಪ್ಪನ ಬೆರಳು ಮಡಿಸಿ ಬಿಡಿಸಿ, ಸಂಜೆಯೂ ಒಂದು ಸಲ ಮಾಡಿಸಿ, ತಮ್ಮ ತಮ್ಮ ಊರಿನ ಬಸ್ಸು ಹಿಡಿಯುತ್ತಿದ್ದರು. ಬೆಳಿಗ್ಗೆಯ ಪಾಳಿ ಅಪ್ಪನೇ ಎಡಗೈಯಿಂದ ಮಾಡಿಕೊಳ್ಳಬೇಕು ಅಂತ ಮಾತು. ಹೀಗೆ ಬನ್ನಿ ಎಂದು ಯಾರೂ ಅವರನ್ನು ಕೇಳಿರಲಿಲ್ಲ. ಅವರ ಕೆಲಸವನ್ನೆಲ್ಲ ನಾನು ಲ್ಯಾಬಿನಲ್ಲಿ ಮಾಡುತ್ತಿದ್ದೆ, ಅರ್ಧಂಬರ್ಧ. ಭಾಯ್ ಕೊರೆಯಬೇಕಿದ್ದ ಕಿಟಕಿಗಳನ್ನು ನಾನು ಕೊರೆದು ಎಷ್ಟೋ ಮೊಟ್ಟೆ ಹಾಳು ಮಾಡಿದೆ. ಅವರ ಪಿಎಚ್‌ಡಿ ಆ ವರ್ಷ ಮುಂದಕ್ಕೆ ಹೋಯಿತು. ಅದರ ಬಗ್ಗೆ ಇವತ್ತಿಗೂ ಅವರು ಒಂದು ಮಾತು ಆಡಿಲ್ಲ. ನಾನೇ ಎತ್ತಿದರೆ ಚಹಾ ಕುಡಿಯೋಣ ಬನ್ನಿ ಅನ್ನುತ್ತಾರೆ.

ನಮ್ಮ ಮನೆಯಲ್ಲಿ ಅವರವರ ರೀತಿಯೇ ಬೇರೆ. ಅಕ್ಕ ಬಂದರೆ ಬಾಗಿಲಲ್ಲೇ “ವದಿನಾ, ಕಾಫಿ” ಅಂತ ಅಮ್ಮನಿಗೆ ಕೂಗು. ತೆಲುಗಿನಲ್ಲಿ ಅತ್ತಿಗೆ ಎಂದು ಕರೆಸಿಕೊಂಡು ಅಮ್ಮ ಹಿಗ್ಗುತ್ತಿದ್ದಳು. ಅಪ್ಪನಿಗೆ ನೋವು ಗೊತ್ತಾಗದ ಹಾಗೆ ಊರ ಕಥೆಯೆಲ್ಲ ಹೇಳುತ್ತಾ ಅಕ್ಕ ಬೆರಳು ಮಡಿಸುತ್ತಿದ್ದರು. ಭಾಯ್ ಶುಕ್ರವಾರವಾದರೆ ನಮ್ಮ ಬೀದಿಯ ಮಸೀದಿಯಲ್ಲಿ ನಮಾಜು ಮುಗಿಸಿ ಬಂದು, ಒಂದೂ ಮಾತಿಲ್ಲದೆ ಮಾಡಿಸಿ ಹೋಗುವವರು. ಆ ಮೌನವೇ ಚೆನ್ನಾಗಿರುತ್ತೆ ಕಣಮ್ಮ, ಅನ್ನುತ್ತಿದ್ದ ಅಪ್ಪ. ಸರ್ ಬಂದರೆ ಪಾಠ. ಮೊಟ್ಟೆಯೊಳಗಿನ ಮರಿಯನ್ನು ಅಲ್ಲಾಡದಂತೆ ಮಾಡುವ ಕಥೆಯನ್ನು ಅಪ್ಪನಿಗೆ ಪೂರ್ತಿ ಹೇಳಿದರಂತೆ. ಅಪ್ಪ ಕೇಳಿ ಅಂದನಂತೆ:

“ಮೊಟ್ಟೆ ಒಳಗಿರೋ ಪಿಳ್ಳೆಗೆ ಕಾಲಾಡ್ಸಕ್ಕೂ ಬಿಡಲ್ವಾ ನೀವು? ಪಾಪ ಅಲ್ವೇನ್ ಸಾರ್?”

“ಮತ್ತೆ ನೀವು ಗೂಡೊಳಗಿರೋ ಹುಳಾನ ಏನ್ ಮಾಡ್ತೀರಿ?” ಅಂದರಂತೆ ಸರ್.

ಇಬ್ಬರೂ ನಕ್ಕರು, ಸರ್ ನಕ್ಕಿದ್ದು ನಾನೇ ಕಣ್ಣಾರೆ ಕಂಡೆ ಎಂದು ಅಮ್ಮ ಹೇಳಿದಾಗ ನಾನು ನಂಬಲಿಲ್ಲ.

ಬೇಸಿನ್ ಮುಂದೆ ಆಗ ಕೂರುತ್ತಿದ್ದವಳು ಅಮ್ಮ. ಅವಳ ನೂಲು ದಪ್ಪ ಸಣ್ಣ ಆಗುತ್ತಿತ್ತು. ಮಾರ್ಕೆಟ್ಟಿನಲ್ಲಿ ಮೂಗು ಮುರಿಯುತ್ತಿದ್ದರು. ಅಪ್ಪ ಶೆಡ್ಡಿನ ಬಾಗಿಲಲ್ಲಿ ಕೈಯನ್ನು ಎದೆಗೆ ಒತ್ತಿಕೊಂಡು ನಿಂತು ನೋಡುತ್ತಿದ್ದ. “ಬೆರಳು ಬರ್ಲಿಲ್ಲ ಅಂದ್ರೆ ಬೇಸಿನ್ ಕೊಟ್ಬಿಡಣ. ನೋಡ್ಕೊಂಡ್ ಕೂರಕ್ಕೆ ನನ್ ಕೈಲಾಗಲ್ಲ,” ಎಂದು ನನಗೆ ಒಂದು ಬೆಳಿಗ್ಗೆ ಹೇಳಿದ. ಬೇರೆ ಯಾವ ಕೆಲಸವೂ ಅವನಿಗೆ ಗೊತ್ತಿರಲಿಲ್ಲ, ಗೊತ್ತು ಮಾಡಿಕೊಳ್ಳುವ ಆಸೆಯೂ ಇರಲಿಲ್ಲ.

ವಾರಗಳು ಕಳೆದು, ಪಟ್ಟಿ ಬಿಚ್ಚುವ ದಿನ ಬಂತು. ಡಾಕ್ಟರು ಅಪ್ಪನಿಗೆ, ನೀವೇ ಮಡಿಸಿ ನೋಡೋಣ ಅಂದರು. ಅಪ್ಪ ಮಡಿಸಿದ. ಮುಖದಲ್ಲಿ ಕಷ್ಟ ಕಂಡಿತು, ಬೆರಳು ಮಾತ್ರ ಇದ್ದಲ್ಲೇ ಇತ್ತು. ನಡುಬೆರಳೂ ಅಷ್ಟೇ. ನರ ಕೂಡಿದೆ, ಆದರೆ ಅಂಟಿಕೊಂಡುಬಿಟ್ಟಿದೆ, ಸರಿಯಾಗಿ ಅಲ್ಲಾಡಿಸಿಲ್ಲ ಅಂದರು ಡಾಕ್ಟರು. ಕೆಲವು ತಿಂಗಳು ಕಾದು ಮತ್ತೆ ಕೊಯ್ದು ಬಿಡಿಸಬಹುದು, ಆದರೆ ಆಗಲೂ ಹೀಗೇ ಆದರೆ ಮೂರನೆಯ ಸಲ ಇಲ್ಲ ಎಂದು ಹೇಳಿ ಕಳಿಸಿದರು. ಅಪ್ಪ ಬಸ್ಸಿನಲ್ಲಿ ಊರು ಬರುವವರೆಗೂ ಕಿಟಕಿಯ ಆಚೆ ನೋಡುತ್ತಾ ಕೂತಿದ್ದ.

ಮಾರನೆಯ ದಿನ ಲ್ಯಾಬಿನಲ್ಲಿ ಮಹಾಯುದ್ಧ. ಸರ್ ಬಂದವರೇ, ಯಾರು ತಪ್ಪಿಸಿದ್ದು ಅಂದರು. ಯಾರೂ ತಪ್ಪಿಸಿರಲಿಲ್ಲ. ಸರ್ ನಂಬಲಿಲ್ಲ. ವರ್ಷಗಟ್ಟಲೆ ನೂರಾರು ಮರಿಗಳ ಕಾಲಿನಲ್ಲಿ ಕಂಡದ್ದು ಒಬ್ಬ ಮನುಷ್ಯನ ಕೈಯಲ್ಲಿ ಸುಳ್ಳಾಗಲು ಹೇಗೆ ಸಾಧ್ಯ, ಎಲ್ಲೋ ಕಳ್ಳಾಟ ನಡೆದಿದೆ ಅಂದರು. ತಿರುಗಿ ಅಕ್ಕನ ಕಡೆ ನೋಡಿ, ಕಾಫಿ ಕುಡಿದು ಹರಟೆ ಹೊಡೆದು ಬಂದ್ರೆ ಹಿಂಗೇ ಆಗೋದು ಅಂದರು.

ಬಸ್ ಡ್ರೈವರುಗಳನ್ನು ನಡುಗಿಸುತ್ತಿದ್ದ ಹೆಂಗಸು ಸೆರಗಿನಲ್ಲಿ ಮುಖ ಒರೆಸಿಕೊಂಡು, “ನಾ ಕೈಯಾರೆ ಏನ್ ಮಾಡ್ದೆ ಅಂತ ಆ ದೇವ್ರಿಗ್ ಗೊತ್ತು,” ಎಂದಷ್ಟೇ ಹೇಳಿ ಕಾವಿನ ಪೆಟ್ಟಿಗೆಯ ಕಡೆ ತಿರುಗಿಕೊಂಡರು. ನನಗೂ, ನಿಜ ಹೇಳಬೇಕೆಂದರೆ, ಯಾರ ಮೇಲೆ ಕೋಪ ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ಮನೆಗೆ ಹೋಗಿ ಅಮ್ಮನ ಮುಂದೆ ಎಲ್ಲವನ್ನೂ ಒದರಿದೆ. ಅಕ್ಕ ಅತ್ತದ್ದನ್ನೂ ಹೇಳಿದೆ. ಅಮ್ಮ ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟು ಎದ್ದು ಹೋದಳು.

ಎರಡು ದಿನ ಬಿಟ್ಟು ಬೆಳಿಗ್ಗೆ ಲ್ಯಾಬಿನ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಒಬ್ಬಳೇ ಬಸ್ಸು ಹತ್ತಿ, ದಾರಿ ಕೇಳಿಕೊಂಡು ಬಂದಿದ್ದಳು. ಚಪ್ಪಲಿ ಹೊರಗೆ ಬಿಟ್ಟಿದ್ದಳು. ನಾನು ಏನಾಯ್ತಮ್ಮ ಎಂದು ಎದ್ದರೆ ನನ್ನ ಕಡೆ ನೋಡಲೇ ಇಲ್ಲ, ನೇರವಾಗಿ ಸರ್ ಮುಂದೆ ಹೋಗಿ ನಿಂತಳು.

“ಸಾರ್, ಆಯಮ್ಮಂದೇನೂ ತಪ್ಪಿಲ್ಲ. ನಾನು ಕಟ್ತಾ ಇದ್ದೆ.”

“ಏನ್ ಕಟ್ತಾ ಇದ್ರಿ?”

“ಕೈನ. ನೀವೆಲ್ಲ ಮಡಿಸಿ ಹೋಗ್ತಿದ್ರಲ್ಲ, ನೀವು ಆ ಕಡೆ ಹೋಗ್ತಿದ್ದಂಗೆ ನಾನು ಹಳೇ ಸೀರೆ ಹರಿದು ಬಿಗಿಯಾಗಿ ಕಟ್ಬಿಡ್ತಿದ್ದೆ. ನಾಳೆ ನೀವ್ ಬರೋ ಹೊತ್ಗೆ ಬಿಚ್ತಿದ್ದೆ. ಬೆಳಿಗ್ಗೆ ಅವ್ರು ಮಡಿಸ್ಕೋತೀನಿ ಅಂದ್ರೂ ಬಿಡ್ಲಿಲ್ಲ. ಯಾರ್ಗೂ ಹೇಳ್ಬೇಡಿ ಅಂತ ಅವ್ರ ಕೈಲಿ ಆಣೆ ಹಾಕಿಸ್ಕೊಂಡಿದ್ದೆ, ಮಗಳಿಗೆ ಪಟ್ಟಿ ಜಾರದೆ ಇರ್ಲಿ ಅಂತ ಕಟ್ಟಿರೋದು ಅಂದಿದ್ದೆ. ಗಂಟು ಹಾಕಿರೋ ನೂಲು ಜಗ್ಗಬಾರ್ದಲ್ವಾ ಸಾರ್. ನಮ್ ಕೆಲ್ಸದಲ್ಲಿ ಅದೇ ಅಲ್ವಾ ಮೊದ್ಲು ಕಲಿಯೋದು. ಕಿತ್ಕೊಂಡ್ಬಿಟ್ರೆ ಏನ್ ಗತಿ ಅಂತ. ಅವ್ರಿಗೆ ನೋವಾಗೋದು ನೋಡಕ್ಕೂ ಆಗ್ತಿರ್ಲಿಲ್ಲ.”

ನನ್ನ ನಾಲಿಗೆ ತುದಿಗೆ ಬಂದ ಮಾತು ಇಲ್ಲಿ ಬರೆಯುವಂಥದ್ದಲ್ಲ. ನಾನು ಬಾಯಿ ತೆರೆಯುವ ಮೊದಲು ಅಕ್ಕ ಬಂದು ಅಮ್ಮನ ಕೈ ಹಿಡಿದುಕೊಂಡರು. “ಕೂತ್ಕೋ ವದಿನಾ, ಮೊದ್ಲು ಕೂತ್ಕೋ,” ಅಂದರು. ಸರ್ ಅಕ್ಕನ ಕಡೆ ತಿರುಗಿ, ಎಲ್ಲರ ಎದುರಿಗೇ, ನಾನು ಹಂಗನ್ಬಾರ್ದಾಗಿತ್ತು ಕಣಮ್ಮ ಅಂದರು. ಅಕ್ಕ ಕೈ ಬೀಸಿ ತಳ್ಳಿಹಾಕಿದರು.

ಸರ್ ಅಮ್ಮನನ್ನು ಬೈಯುತ್ತಾರೆಂದು ನಾನು ಕಾದೆ. ಅವರು ಮೈಕ್ರೋಸ್ಕೋಪಿನ ಮುಂದೆ ಸ್ಟೂಲು ಎಳೆದು ಅಮ್ಮನನ್ನು ಕೂರಿಸಿದರು. ಭಾಯ್ ಎರಡು ಗಾಜಿನ ಪಟ್ಟಿ ತಂದು ಒಂದಾದ ಮೇಲೆ ಒಂದನ್ನು ಇಟ್ಟರು. ಮೊದಲನೆಯದು ಕಾಲಾಡಿಸಿದ ಮರಿಯ ನರ. ಎಳೆಗಳು ಒಂದರ ಪಕ್ಕ ಒಂದು ಹೊಂದಿಕೊಂಡು, ಸಣ್ಣ ಅಲೆಯಾಗಿ ಸಾಗುತ್ತವೆ. ಎರಡನೆಯದು ಅಲ್ಲಾಡದ ಮರಿಯದು. ಎಳೆ ಎಳೆಯೂ ಒಂದೊಂದು ದಿಕ್ಕು.

ಅಮ್ಮ ಒಂದು ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ನೋಡಿದಳು. “ಮೊದ್ಲಿಂದು ಒಳ್ಳೇ ನೂಲು. ಇದು ವೇಸ್ಟು,” ಅಂದಳು.

“ನೂಲು ಜಗ್ಗಬಾರ್ದು ಅಂದ್ರಲ್ಲ, ನಿಜ,” ಅಂದರು ಸರ್. “ಆದ್ರೆ ಎಳೆ ಕೂಡಿಸ್ದಾಗ ರಾಟೆ ನಿಲ್ಲಿಸಿ ಹಂಗೇ ಬಿಟ್ಬಿಡ್ತೀರಾ?”

“ಎಲ್ಲಿಗ್ ಬಿಡದು? ಹಸಿ ನೂಲು, ನಿಂತ್ರೆ ರಾಟೆ ಮೇಲೆ ಒಂದಕ್ಕೊಂದು ಅಂಟ್ಕೊಂಡ್...” ಎಂದವಳು ಅಲ್ಲಿಗೇ ನಿಲ್ಲಿಸಿದಳು. ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದು ಸರ್ ಮುಖ ನೋಡಿದಳು. ಆಮೇಲೆ ತನ್ನ ಕೈಗಳನ್ನೇ ನೋಡಿಕೊಂಡಳು. ಅವಳು ಅಷ್ಟು ಅತ್ತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ.

ಕೆಲವು ತಿಂಗಳ ಮೇಲೆ ಎರಡನೆಯ ಆಪರೇಷನ್ ಆಯಿತು. ಅಂಟಿದ್ದನ್ನು ಬಿಡಿಸಿದ್ದಾರೆ, ನಾಳೆಯಿಂದಲೇ ಮಡಿಸಬೇಕು, ನೋವು ಇರುತ್ತದೆ, ನಿಲ್ಲಿಸಬಾರದು ಅಂದರು ಡಾಕ್ಟರು. ಅಕ್ಕ ಚೀಲ ಹಿಡಿದುಕೊಂಡು ಮತ್ತೆ ತಯಾರಾಗಿ ನಿಂತಿದ್ದರು. ಭಾಯ್ ಯಾವ ದಿನ ಯಾವ ಬಸ್ಸು ಎಂದು ಲೆಕ್ಕ ಹಾಕುತ್ತಿದ್ದರು. ಅಮ್ಮ ಆಸ್ಪತ್ರೆಯ ವರಾಂಡದಲ್ಲಿ ಅವರನ್ನು ತಡೆದಳು.

“ಈ ಸಲ ನಾನ್ ಮಾಡ್ತೀನಿ. ಹೆಂಗ್ ಮಾಡದು ಅಂತ ಹೇಳ್ಕೊಟ್ಬಿಡಿ, ಸಾಕು.”

ಸರ್ ಒಪ್ಪಲಿಲ್ಲ. ನಿಮ್ ಕೈಲಿ ಆಗಲ್ಲಮ್ಮ ಅಂದರು. ಅಮ್ಮ ಅವರ ದಾರಿ ಬಿಟ್ಟು ಕದಲಲಿಲ್ಲ. ಕೊನೆಗೆ ಸರ್ ತಮ್ಮ ಬಲಗೈಯನ್ನೇ ಅವಳ ಮುಂದೆ ಚಾಚಿದರು. ಗೆಣ್ಣು ಎಲ್ಲಿ ಹಿಡಿಯಬೇಕು, ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು, ಯಾವಾಗ ರೋಗಿಯೇ ಬಲ ಹಾಕಬೇಕು, ಎಲ್ಲವನ್ನೂ ಆ ವರಾಂಡದ ಬೆಂಚಿನ ಮೇಲೆ ತಮ್ಮ ಬೆರಳು ಕೊಟ್ಟು ಹೇಳಿಕೊಟ್ಟರು. ಪಕ್ಕದಲ್ಲಿ ಕೂತಿದ್ದ ಜನ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದರು. ಅಮ್ಮ ಒಂದು ಸಲ ಜೋರಾಗಿಯೇ ಮಡಿಸಿರಬೇಕು, ಸರ್ ಹಲ್ಲು ಕಚ್ಚಿದರು.

ಮನೆಯಲ್ಲಿ ಮೊದಲ ದಿನ ನಾನಿದ್ದೆ. ಅಮ್ಮ ಚಾಪೆಯ ಮೇಲೆ ಅಪ್ಪನ ಎದುರು ಕೂತು, ಅವನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಶುರು ಮಾಡಿದಳು. ಅಪ್ಪ ಮೊದಲು ನರಳಿದ, ಆಮೇಲೆ ಬೇಡಿಕೊಂಡ, ಆಮೇಲೆ ಬೈದ. ಅಮ್ಮನನ್ನು ಒಂದು ದಿನವೂ ಏಕವಚನದಲ್ಲಿ ಗದರಿದವನಲ್ಲ ನಮ್ಮಪ್ಪ. ಅವತ್ತು ನನ್ನ ಅಜ್ಜಿಯ ತವರಿನವರೆಗೂ ಹೋಗಿ ಬೈದ. ನಾನು ತಡೆಯಲಾರದೆ, ಸಾಕು ಬಿಡಮ್ಮ ಎಂದು ಕೈ ಹಾಕಿದೆ. ಸರ್ ನನ್ನ ಬಗ್ಗೆ ಹೇಳಿದ್ದು ಸರಿಯಾಗಿಯೇ ಇತ್ತು.

“ಆಚೆಗ್ ಹೋಗೇ ನೀನು,” ಅಂದಳು ಅಮ್ಮ. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ಕೈ ನಿಂತಿರಲಿಲ್ಲ. “ಬೈಕೊಳ್ಳಿ ನೀವು. ಎಷ್ಟ್ ಬೇಕಾದ್ರೂ ಬೈಕೊಳ್ಳಿ. ಈಗ ನೀವೇ ಮಡಿಸಿ. ಇನ್ನೊಂದ್ಸಲ.”

ಅಕ್ಕ ಆಗಾಗ ಬಂದು ಹೋಗುತ್ತಿದ್ದರು, ಈಗ ಬರಿ ಕಾಫಿಗೆ ಮತ್ತು ಅಮ್ಮನ ಬೆನ್ನು ಸವರಲಿಕ್ಕೆ. ಭಾಯ್ ತಮ್ಮೂರಿನ ದರ್ಗಾದ ಸಕ್ಕರೆ ತಂದು ಅಪ್ಪನ ಅಂಗೈಯಲ್ಲೇ ಹಾಕುತ್ತಿದ್ದರು, ಬೆರಳು ಮಡಿಸಿದರೆ ಮಾತ್ರ ತಿನ್ನಲು ಸಿಗುವ ಹಾಗೆ. ಅಷ್ಟು ತುಂಟತನ ಆ ಮನುಷ್ಯನಲ್ಲಿ ಇದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಸರ್ ಮಾತ್ರ ಬರಲಿಲ್ಲ. ದಿನಾ ನನ್ನನ್ನು ಕೇಳುತ್ತಿದ್ದರು, ಎಲ್ಲಿಗೆ ಬಂತು ಅಂತ. ನಾನು ನನ್ನ ಬೆರಳನ್ನು ಅಷ್ಟೇ ಮಡಿಸಿ ತೋರಿಸುತ್ತಿದ್ದೆ. ಅವರು ನೋಡಿ ಒಳಗೆ ಹೋಗುತ್ತಿದ್ದರು.

ನಡುಬೆರಳು ಕೊನೆಗೂ ಬರಲಿಲ್ಲ. ಅದು ನೆಟ್ಟಗೇ ಉಳಿಯಿತು. ತೋರುಬೆರಳು ದಿನಕ್ಕೆ ಒಂದಿಷ್ಟು, ಒಂದಿಷ್ಟು ಅಂತ ಬಂತು. ಒಂದು ಭಾನುವಾರ ಬೆಳಿಗ್ಗೆ ಅದರ ತುದಿ ಹೆಬ್ಬೆರಳಿಗೆ ತಾಗಿತು. ಅಪ್ಪ ಯಾರಿಗೂ ಹೇಳದೆ ಎದ್ದು ಶೆಡ್ಡಿಗೆ ಹೋಗಿ ಒಲೆ ಹಚ್ಚಿದ.

ಸರ್ ಬಂದದ್ದು ಅದಾದ ಮೇಲೆ. ನಾನು ಕರೆದುಕೊಂಡು ಬಂದೆ. ಒಳಗೆ ಕೂರಿ ಎಂದರೆ ಕೇಳದೆ ನೇರವಾಗಿ ಶೆಡ್ಡಿಗೇ ಹೋದರು. ಗೂಡು ಬೇಯುವ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ, ಅವರಿಗೆ ಅದರ ಪರಿವೆಯೇ ಇರಲಿಲ್ಲ. ಅಪ್ಪ ಬೇಸಿನ್ ಮುಂದೆ ಕೂತಿದ್ದ. ಒಂದು ಎಳೆ ಕಡಿಯಿತು. ಅಪ್ಪ ಬಿಸಿನೀರಿಗೆ ಕೈ ಹಾಕಿ, ಹೊಸ ಎಳೆಯ ತುದಿಯನ್ನು ತೋರುಬೆರಳಿಗೂ ಹೆಬ್ಬೆರಳಿಗೂ ನಡುವೆ ಹಿಡಿದು ಓಡುವ ನೂಲಿನ ಮೇಲೆ ಎಸೆದ. ಒಂದು ಸಲ ತಪ್ಪಿತು. ಎರಡನೆಯ ಸಲಕ್ಕೆ ಹತ್ತಿಕೊಂಡಿತು. ಮೊದಲಿನ ಹಾಗೆ ಬೇರೆ ಕಡೆ ನೋಡಿಕೊಂಡು ಮಾಡಲು ಆಗುತ್ತಿರಲಿಲ್ಲ, ಕಣ್ಣಿಟ್ಟು ಮಾಡಬೇಕಿತ್ತು. ಆದರೆ ಮಾಡುತ್ತಿದ್ದ.

ಸರ್ ನಿಂತೇ ಇದ್ದರು. ಅಮ್ಮ ಸ್ಟೂಲು ತಂದಿಟ್ಟರೂ ಕೂರಲಿಲ್ಲ. ಇನ್ನೇನು ಪಾಠ ಶುರುವಾಗುತ್ತದೆ ಎಂದು ನಾನು ಅಂದುಕೊಂಡೆ.

“ಅಮ್ಮ, ಹೊರಗಿನವ್ರೇ ಮಡಿಸ್ಬೇಕು ಅಂದಿದ್ದೆ ನಾನು. ತಪ್ಪು ಹೇಳಿದ್ದೆ,” ಅಂದರು. ಆಮೇಲೆ, ಯಾರಿಗೆ ಹೇಳುತ್ತಿದ್ದಾರೆಂದು ತಿಳಿಯದ ಹಾಗೆ ಮೆಲ್ಲಗೆ, “ಮೂವತ್ತು ವರ್ಷದ ಹತ್ರ ಆಯ್ತು ನಾನು ಈ ನರದ ಕೆಲ್ಸ ಹಿಡ್ದು. ನಮ್ ಮರಿಗಳು ಯಾವೂ ಮೊಟ್ಟೆ ಬಿಟ್ಟು ಆಚೆ ಬರಲ್ಲ. ಅದಕ್ಕೆ ಮುಂಚೆನೇ ನಾವು ಕೊಯ್ದು ನೋಡ್ಬಿಡ್ತೀವಿ. ಒಂದ್ ನರ ವಾಸಿಯಾಗಿ ಕೆಲ್ಸ ಮಾಡೋದನ್ನ ನಾನ್ ಕಣ್ಣಾರೆ ನೋಡ್ತಿರೋದು ಇದೇ ಮೊದಲು,” ಅಂದರು.

ರಾಟೆ ತಿರುಗುತ್ತಿತ್ತು. ಅಷ್ಟು ವರ್ಷ ಅವರ ಜೊತೆ ಕೆಲಸ ಮಾಡಿದ ನನಗೆ ಅದು ಹೊಳೆದೇ ಇರಲಿಲ್ಲ. ಅಮ್ಮ ಸೆರಗು ಸಿಕ್ಕಿಸಿಕೊಂಡು ಮೋಟರಿನ ಸ್ವಿಚ್ಚು ಆರಿಸಿದಳು.

“ಏನ್ರೀ, ನೂಲು ಆಮೇಲೆ ನೋಡ್ಕೊಳ್ಳೋರಂತೆ. ಸಾರ್‌ಗೆ ಸರಿಯಾಗಿ ಮಡಿಸಿ ತೋರ್ಸಿ.”

ಅಪ್ಪ ಹೆಗಲ ಮೇಲಿನ ಟವಲಿಗೆ ಕೈ ಒರೆಸಿಕೊಂಡ. ಎದ್ದು ಬಂದು ಸರ್ ಮುಖದ ಹತ್ತಿರ ಕೈ ಹಿಡಿದು ಬೆರಳು ಮಡಿಸಿದ, ಬಿಡಿಸಿದ. ಸರ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡು, ಇನ್ನೊಂದ್ಸಲ ಅಂದರು.